ನಿಮ್ಮ ಬೀದಿಯ ಅಹವಾಲು ನಗರಸಭೆಯಲ್ಲಿ ಕಡತವಾಗುವುದು ಹೇಗೆ?

ಮಳೆಗಾಲದ ಮೊದಲ ಜೋರು ಮಳೆಗೆ ನಮ್ಮ ಅಡ್ಡರಸ್ತೆಯ ತುದಿಯ ನಾಲ್ಕು ಮನೆಗಳ ಅಂಗಳಕ್ಕೆ ಚರಂಡಿಯ ನೀರು ನುಗ್ಗುವುದು ಹಲವು ವರ್ಷ ನಡೆದೇ ಇತ್ತು. ಪ್ರತಿ ಸಲವೂ ನಾವು ಫೋನ್ ಮಾಡುತ್ತಿದ್ದೆವು, ಪೌರಕಾರ್ಮಿಕರು ಬಂದು ಹೂಳು ತೆಗೆದು ಹೋಗುತ್ತಿದ್ದರು, ಮುಂದಿನ ಮಳೆಗೆ ಮತ್ತೆ ನೀರು ಒಳಗೆ ಬರುತ್ತಿತ್ತು. ಒಂದು ಭಾನುವಾರ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಗಾರೆಯವರ ಟೇಪು ತಂದು ಅಳತೆಗೆ ಇಳಿದರು. ಎರಡು ಅಡಿ ಅಗಲದ ಚರಂಡಿಯಲ್ಲಿ ಬಂದ ನೀರು, ರಸ್ತೆ ದಾಟುವ ಜಾಗದಲ್ಲಿ ಒಂದಡಿ ವ್ಯಾಸದ ಹಳೆಯ ಪೈಪಿನೊಳಗೆ ನುಸುಳಬೇಕಿತ್ತು. ಅಷ್ಟು ವರ್ಷ ನಾವು ಕೇಳಿದ್ದು ಹೂಳು ತೆಗೆಸಿಕೊಡಿ ಎಂದು. ಕೇಳಬೇಕಾಗಿದ್ದದ್ದು ಹೊಸ ಅಡ್ಡಮೋರಿಯನ್ನು. ಮೊದಲನೆಯದು ನಿರ್ವಹಣೆ, ಎರಡನೆಯದು ಕಾಮಗಾರಿ. ನಗರಸಭೆಯಲ್ಲಿ ಇವೆರಡಕ್ಕೂ ದಾರಿ ಬೇರೆ, ಮೇಜು ಬೇರೆ, ಹಣದ ಲೆಕ್ಕ ಶೀರ್ಷಿಕೆಯೂ ಬೇರೆ.

ಆ ಮೋರಿ ಮುಗಿಯುವ ಹೊತ್ತಿಗೆ ನಾವು ಕಲಿತದ್ದನ್ನು, ಆಮೇಲೆ ಬೇರೆ ಬಡಾವಣೆಗಳವರಿಗೆ ನೆರವಾಗುವಾಗ ತಿಳಿದುಕೊಂಡದ್ದನ್ನು ಸೇರಿಸಿ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಇದರ ಮುಖ್ಯ ಮಾತು ಇಷ್ಟು: ಬಾಯಿಮಾತಿನ ಅಹವಾಲಿಗೆ ಕಚೇರಿಯಲ್ಲಿ ಅಸ್ತಿತ್ವವಿಲ್ಲ. ಅದು ಸಂಖ್ಯೆಯುಳ್ಳ ಕಡತವಾಗಬೇಕು, ಮತ್ತು ಆ ಕಡತ ವರ್ಷದ ಸರಿಯಾದ ತಿಂಗಳಲ್ಲಿ ಸರಿಯಾದ ಮೇಜಿನ ಮೇಲಿರಬೇಕು.

ಮೊದಲು ತಿಳಿಯಬೇಕಾದದ್ದು: ನಿಮ್ಮ ಊರಿನ ಆಡಳಿತ ಯಾವುದು?

ಕರ್ನಾಟಕದಲ್ಲಿ ಪಟ್ಟಣ ಪಂಚಾಯಿತಿ, ಪುರಸಭೆ ಮತ್ತು ನಗರಸಭೆಗಳು 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ ಕೆಳಗೆ ನಡೆಯುತ್ತವೆ. ಬೆಂಗಳೂರಿನ ಹೊರಗಿನ ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಅಧಿನಿಯಮವಿದೆ. ಸ್ಥೂಲವಾಗಿ ಹೇಳುವುದಾದರೆ 20 ಸಾವಿರದಿಂದ 50 ಸಾವಿರ ಜನಸಂಖ್ಯೆಯ ಊರಿಗೆ ಪುರಸಭೆ, 50 ಸಾವಿರದಿಂದ 3 ಲಕ್ಷದವರೆಗಿನ ಊರಿಗೆ ನಗರಸಭೆ. ನಗರಸಭೆಯ ಆಡಳಿತ ಮುಖ್ಯಸ್ಥರನ್ನು ಪೌರಾಯುಕ್ತರೆಂದೂ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿಗಳೆಂದೂ ಕರೆಯುತ್ತಾರೆ. ಅರ್ಜಿಯ ಮೇಲೆ ಈ ಪದನಾಮ ತಪ್ಪಬಾರದು.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ ನಗರಾಡಳಿತಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೇ ಅನುಸೂಚಿಯಲ್ಲಿ ಪಟ್ಟಿ ಮಾಡಲಾಯಿತು. ಆದರೆ ವಾರ್ಡ್ ಸಮಿತಿಗಳನ್ನು ಅದು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಿಗೆ ಮಾತ್ರ. ಸಣ್ಣ ನಗರದಲ್ಲಿ ಇರುವವರು ಇದನ್ನು ಚೆನ್ನಾಗಿ ಗಮನಿಸಬೇಕು. ಹಳ್ಳಿಯವರಿಗೆ ಗ್ರಾಮಸಭೆಯಿದೆ, ದೊಡ್ಡ ನಗರದವರಿಗೆ ಕಾಗದದ ಮೇಲಾದರೂ ವಾರ್ಡ್ ಸಮಿತಿಯಿದೆ; ನಡುವಿನ ಊರುಗಳ ನಿವಾಸಿಗಳಿಗೆ ಸಂವಿಧಾನವೇ ಕಡ್ಡಾಯವಾಗಿ ಕೊಟ್ಟ ಅಂಥ ವೇದಿಕೆಯಿಲ್ಲ. ಆದ್ದರಿಂದ ನಮ್ಮಂಥವರು ಕಚೇರಿಯ ಬಾಗಿಲು, ಸದಸ್ಯರ ಮೂಲಕ ಸಾಮಾನ್ಯ ಸಭೆ, ಬಜೆಟ್ ಪೂರ್ವಭಾವಿ ಸಭೆ ಈ ಮೂರನ್ನೂ ಬಳಸಿಕೊಳ್ಳಲು ಕಲಿಯಬೇಕಾಗಿದೆ.

ಹಂತ 1: ಕೆಲಸ ಯಾರದ್ದೆಂದು ಖಚಿತಪಡಿಸಿಕೊಳ್ಳಿ

ಹೆಚ್ಚಿನ ಅರ್ಜಿಗಳು ಸಾಯುವುದು ಇಲ್ಲಿಯೇ. ಆರು ತಿಂಗಳು ಓಡಾಡಿದ ಮೇಲೆ "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಒಂದು ಸಾಲಿನ ಉತ್ತರ ಬಂದರೆ ಆಗುವ ನೋವು ಸಣ್ಣದಲ್ಲ.

1964ರ ಅಧಿನಿಯಮದ 87ನೇ ಕಲಂ ಕಡ್ಡಾಯ ಕರ್ತವ್ಯಗಳನ್ನು ಹೇಳುತ್ತದೆ: ಬೀದಿ ದೀಪ, ಬೀದಿ ಮತ್ತು ಚರಂಡಿಗಳ ಸ್ವಚ್ಛತೆ, ರಸ್ತೆ, ಮೋರಿ, ಕುಡಿಯುವ ನೀರು, ಸ್ಮಶಾನ, ಜನನ ಮರಣ ನೋಂದಣಿ ಮುಂತಾದವು ಅದರಲ್ಲಿ ಸೇರಿವೆ. 91ನೇ ಕಲಂ ಉದ್ಯಾನ, ಗ್ರಂಥಾಲಯದಂಥ ವಿವೇಚನಾ ಕಾರ್ಯಗಳನ್ನು ಹೇಳುತ್ತದೆ. ನಿಮ್ಮ ಬೇಡಿಕೆ ಕಡ್ಡಾಯದ ಪಟ್ಟಿಯಲ್ಲಿದ್ದರೆ ಅರ್ಜಿಯಲ್ಲಿ 87ನೇ ಕಲಮನ್ನು ಹೆಸರಿಸಿ ಬರೆಯಿರಿ. ಕಾನೂನಿನ ಒಂದು ಸಾಲು ಇದ್ದರೆ ವಿಷಯ ನಿರ್ವಾಹಕರು, ಅಂದರೆ ಕಡತ ನೋಡಿಕೊಳ್ಳುವ ಸಿಬ್ಬಂದಿ, ಟಿಪ್ಪಣಿಯಲ್ಲಿ ಅದಕ್ಕೆ ಉತ್ತರಿಸಲೇಬೇಕಾಗುತ್ತದೆ.

ಊರಿನೊಳಗಿನ ಎಲ್ಲವೂ ನಗರಸಭೆಯದ್ದಲ್ಲ. ಊರಿನ ನಡುವೆ ಹಾದುಹೋಗುವ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದ್ದೋ ರಾಷ್ಟ್ರೀಯ ಹೆದ್ದಾರಿಯವರದ್ದೋ ಆಗಿರಬಹುದು. ಬೀದಿ ದೀಪದ ಬಲ್ಬು ನಗರಸಭೆಯದ್ದು, ಕಂಬದ ಮೇಲಿನ ವಿದ್ಯುತ್ ತಂತಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಥವಾ ಸೆಸ್ಕ್‌ನದ್ದು. ತಂತಿ ಜೋತುಬಿದ್ದಿದ್ದರೆ 1912ಕ್ಕೆ ಕರೆ ಮಾಡಬೇಕೇ ಹೊರತು ಪೌರಾಯುಕ್ತರಿಗಲ್ಲ. ಕುಡಿಯುವ ನೀರಿನ ದೊಡ್ಡ ಯೋಜನೆಗಳನ್ನೂ ಒಳಚರಂಡಿ ಜಾಲವನ್ನೂ ಸಾಮಾನ್ಯವಾಗಿ ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕೋಲಾರ, ಬಂಗಾರಪೇಟೆ, ಮಾಲೂರಿಗೆ ನೀರು ಕೊಡುವ ಯರಗೋಳು ಯೋಜನೆಯನ್ನು ಕಟ್ಟಿದ್ದು ಆ ಮಂಡಳಿಯೇ. ಆದರೆ ನಿಮ್ಮ ಬೀದಿಗೆ ಯಾವ ದಿನ ಎಷ್ಟು ಹೊತ್ತು ವಾಲ್ವ್ ತಿರುಗಿಸಬೇಕು ಎಂಬುದನ್ನು ನಿರ್ಧರಿಸುವವರು ಸ್ಥಳೀಯ ಆಡಳಿತದವರು. ಜಲಮೂಲದಲ್ಲಿಯೇ ನೀರಿಲ್ಲದಿರುವುದು ಒಂದು ಪ್ರಶ್ನೆ. ಮೇಲಿನ ಬೀದಿಗೆ ಬರುವ ನೀರು ಕೆಳಗಿನ ಬೀದಿಗೆ ಬಾರದಿರುವುದು ಬೇರೆಯೇ ಪ್ರಶ್ನೆ. ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟಿನಲ್ಲಿ, ಸ್ವರ್ಣಾ ನದಿಯ ಹರಿವು ಬೇಸಿಗೆಯ ಕೊನೆಗೆ ಕುಗ್ಗಿದಾಗ ಉಂಟಾಗುವ ಕೊರತೆಯನ್ನು ವಾರ್ಡಿನ ವಾಲ್ವ್‌ಮನ್ ಬಗೆಹರಿಸಲಾರರು.

ಹೊಸ ಬಡಾವಣೆಗಳ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಸಣ್ಣ ನಗರಗಳು ಈಗ ಬೆಳೆಯುತ್ತಿರುವುದು ಅಂಚಿನ ಈ ಬಡಾವಣೆಗಳಲ್ಲಿ. ಖಾಸಗಿ ಬಡಾವಣೆಯ ನಕ್ಷೆಗೆ ಅನುಮೋದನೆ ಕೊಡುವುದು ನಗರ ಯೋಜನಾ ಪ್ರಾಧಿಕಾರ ಅಥವಾ ನಗರಾಭಿವೃದ್ಧಿ ಪ್ರಾಧಿಕಾರ. ರಸ್ತೆ, ಚರಂಡಿ, ನೀರು, ವಿದ್ಯುತ್ತಿನ ವ್ಯವಸ್ಥೆಯನ್ನು ಬಡಾವಣೆ ಮಾಡಿದವರು ಮುಗಿಸಿ, ರಸ್ತೆಗಳನ್ನೂ ಉದ್ಯಾನದ ಜಾಗವನ್ನೂ ನಾಗರಿಕ ಸೌಲಭ್ಯದ ನಿವೇಶನಗಳನ್ನೂ ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸಬೇಕು. ಎಷ್ಟೋ ಕಡೆ ನಿವೇಶನಗಳೆಲ್ಲ ಮಾರಾಟವಾಗಿ ಮನೆಗಳೆದ್ದರೂ ಈ ಹಸ್ತಾಂತರ ಆಗಿರುವುದಿಲ್ಲ. ಆಗ ನಗರಸಭೆ "ಬಡಾವಣೆ ನಮಗೆ ಸೇರಿಲ್ಲ" ಎನ್ನುತ್ತದೆ, ಬಡಾವಣೆ ಮಾಡಿದವರು "ನಮ್ಮ ಕೆಲಸ ಮುಗಿಯಿತು" ಎನ್ನುತ್ತಾರೆ, ನಿವಾಸಿಗಳು ಎರಡರ ನಡುವೆ ಕೆಸರು ತುಳಿಯುತ್ತಾರೆ. ಇಂಥ ಬಡಾವಣೆಯವರು ರಸ್ತೆ ಕೇಳಿ ಅರ್ಜಿ ಕೊಡುವುದಕ್ಕೆ ಮೊದಲು ಪ್ರಾಧಿಕಾರದಿಂದ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿಯನ್ನೂ, ನಗರಸಭೆಯಿಂದ ಹಸ್ತಾಂತರ ಪತ್ರದ ಪ್ರತಿಯನ್ನೂ ಕೇಳಿ ಪಡೆಯಬೇಕು. ಹಸ್ತಾಂತರ ಆಗಿಲ್ಲವೆಂದಾದರೆ ನಿಮ್ಮ ಮೊದಲ ಬೇಡಿಕೆಯೇ ಹಸ್ತಾಂತರ. ನಕ್ಷೆಯಲ್ಲಿ ಉದ್ಯಾನವೆಂದು ಗುರುತಿಸಿದ ಜಾಗ ನೆಲದ ಮೇಲೆ ಉಳಿದಿದೆಯೇ ಎಂಬುದನ್ನೂ ಅದೇ ದಿನ ನೋಡಿಬಿಡಿ. ತಡವಾದಷ್ಟೂ ಅದನ್ನು ಉಳಿಸಿಕೊಳ್ಳುವುದು ಕಷ್ಟ.

ಹಂತ 2: ಅಳತೆ, ಚಿತ್ರ, ಮನೆಗಳ ಪಟ್ಟಿ

ಅರ್ಜಿಯ ಬಲ ಅದರ ವಿಶೇಷಣಗಳಲ್ಲಿ ಇರುವುದಿಲ್ಲ, ಅದರ ಅಂಕಿಗಳಲ್ಲಿ ಇರುತ್ತದೆ. "ಚರಂಡಿಯ ಪರಿಸ್ಥಿತಿ ಶೋಚನೀಯವಾಗಿದೆ" ಎಂದು ಬರೆದರೆ ಓದಿದವರು ಏನನ್ನೂ ಮಾಡಲಾಗದು. "ಎರಡನೇ ಅಡ್ಡರಸ್ತೆ ಮುಖ್ಯರಸ್ತೆಯನ್ನು ಸೇರುವಲ್ಲಿ 60 ಸೆಂಟಿಮೀಟರ್ ಅಗಲದ ಚರಂಡಿಯ ನೀರು 30 ಸೆಂಟಿಮೀಟರ್ ವ್ಯಾಸದ ಪೈಪಿನಲ್ಲಿ ಹರಿಯಬೇಕಾಗಿದ್ದು, ಮಳೆ ಬಂದಾಗ ನಾಲ್ಕು ಮನೆಗಳಿಗೆ ನೀರು ನುಗ್ಗುತ್ತಿದೆ" ಎಂದು ಬರೆದರೆ ಕಿರಿಯ ಇಂಜಿನಿಯರ್ ಕುಳಿತಲ್ಲಿಯೇ ಖರ್ಚಿನ ಅಂದಾಜು ಪಟ್ಟಿಯ ಮೊದಲ ಸಾಲನ್ನು ಯೋಚಿಸಬಲ್ಲರು.

ಹತ್ತು ರೂಪಾಯಿಯ ನೋಟ್‌ಬುಕ್ಕೊಂದನ್ನು ಇದಕ್ಕಾಗಿಯೇ ಇಟ್ಟುಕೊಳ್ಳಿ. ನೀರು ನುಗ್ಗಿದ ದಿನ, ದೀಪ ಆರಿದ ದಿನ, ಕಸದ ಗಾಡಿ ಬಾರದ ದಿನ ಅಂದಂದೇ ಬರೆದಿಡಿ. ಮೊಬೈಲಿನಲ್ಲಿ ದಿನಾಂಕ ಮತ್ತು ಸ್ಥಳ ದಾಖಲಾಗುವಂತೆ ಚಿತ್ರ ತೆಗೆಯಿರಿ. ಅದೇ ಜಾಗದಲ್ಲಿ ನಿಂತು ಮಳೆಗೆ ಮುಂಚೆ ಒಂದು, ಮಳೆಯಲ್ಲಿ ಒಂದು. ತೊಂದರೆಗೊಳಗಾದ ಮನೆಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಆಸ್ತಿ ತೆರಿಗೆ ಕಟ್ಟಿದ ರಸೀದಿಯ ಸಂಖ್ಯೆಯನ್ನು ಬರೆಯಿರಿ. ಬಾಕಿ ಉಳಿಸಿಕೊಂಡವರಿದ್ದರೆ ಮೊದಲು ಕಟ್ಟಲು ಹೇಳಿ; ಏಪ್ರಿಲ್ ತಿಂಗಳೊಳಗೆ ಕಟ್ಟಿದವರಿಗೆ ಶೇ 5ರ ರಿಯಾಯಿತಿ ಸಿಗುತ್ತದೆ. ತೆರಿಗೆ ಕಟ್ಟದವರಿಗೆ ಚರಂಡಿಯ ಹಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಬೀದಿಯ ಎಲ್ಲರೂ ತೆರಿಗೆ ಕಟ್ಟಿದ್ದಾರೆ ಎಂಬ ಪಟ್ಟಿಯನ್ನು ಮೇಜಿನ ಮೇಲಿಟ್ಟಾಗ ಮಾತಿನ ಧಾಟಿಯೇ ಬದಲಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಂತ 3: ಅರ್ಜಿ ಮತ್ತು ಸ್ವೀಕೃತಿ

ಬಲ್ಬು ಹೋಗಿದೆ, ಕಸ ಎತ್ತಿಲ್ಲ, ಪೈಪು ಒಡೆದಿದೆ ಎಂಬ ದಿನನಿತ್ಯದ ದೂರುಗಳಿಗೆ ಉದ್ದನೆಯ ಅರ್ಜಿ ಬೇಡ. ಪೌರಾಡಳಿತ ನಿರ್ದೇಶನಾಲಯದ ಜನಹಿತ ಆ್ಯಪ್‌ನಲ್ಲಿ ದಾಖಲಿಸಿ, ದೂರಿನ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕಸ ಮತ್ತು ಚರಂಡಿಗೆ ಆರೋಗ್ಯ ನಿರೀಕ್ಷಕರು ಹಾಗೂ ಪರಿಸರ ಇಂಜಿನಿಯರ್, ನೀರು, ರಸ್ತೆ, ದೀಪಗಳಿಗೆ ಇಂಜಿನಿಯರಿಂಗ್ ವಿಭಾಗ, ಖಾತೆ ಮತ್ತು ತೆರಿಗೆಗೆ ಕಂದಾಯ ವಿಭಾಗ. ಒಳಚರಂಡಿ ಕಟ್ಟಿಕೊಂಡಾಗ ಯಾರನ್ನಾದರೂ ಮ್ಯಾನ್‌ಹೋಲ್‌ಗೆ ಇಳಿಸಿ ಎಂದು ಎಂದಿಗೂ ಒತ್ತಾಯಿಸಬೇಡಿ. ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆ ಅದನ್ನು ನಿಷೇಧಿಸಿದೆ, ಅದರಿಂದ ಜೀವ ಹೋಗುತ್ತದೆ. ಸಕ್ಕಿಂಗ್ ಯಂತ್ರ ಬರುವವರೆಗೆ ಒಂದು ದಿನ ತಡವಾದರೂ ಕಾಯುವುದೇ ಸರಿ.

ಹೊಸ ಕಾಮಗಾರಿಗೆ ಮಾತ್ರ ಲಿಖಿತ ಅರ್ಜಿಯೇ ಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. ರಸ್ತೆ, ದೀಪ, ಬೀದಿ ನಾಯಿ, ನೀರು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದರೆ ಅದು ನಾಲ್ಕು ಮೇಜುಗಳ ನಡುವೆ ಅಲೆದು, ಕೊನೆಗೆ ಯಾರದ್ದೂ ಆಗದೆ ಉಳಿಯುತ್ತದೆ. ಅರ್ಜಿಯ ರೂಪ ಸರಳವಾಗಿರಲಿ:

"ಇವರಿಗೆ: ಪೌರಾಯುಕ್ತರು, ನಗರಸಭೆ. ವಿಷಯ: ಇಂತಿಂಥ ವಾರ್ಡಿನ ಎರಡನೇ ಅಡ್ಡರಸ್ತೆಯ ತಿರುವಿನಲ್ಲಿ ಅಡ್ಡಮೋರಿ ನಿರ್ಮಾಣದ ಕಾಮಗಾರಿಯನ್ನು ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಸೇರಿಸುವ ಬಗ್ಗೆ. ಮಾನ್ಯರೇ, ಮೇಲ್ಕಂಡ ಸ್ಥಳದಲ್ಲಿ ಈಗಿರುವ ಪೈಪಿನ ಅಳತೆ ಸಾಲದೆ ಮಳೆನೀರು ಮನೆಗಳಿಗೆ ನುಗ್ಗುತ್ತಿದೆ. ದಿನಾಂಕವಾರು ವಿವರ, ಛಾಯಾಚಿತ್ರ ಮತ್ತು ನಿವಾಸಿಗಳ ಸಹಿಯ ಪಟ್ಟಿಯನ್ನು ಲಗತ್ತಿಸಿದೆ. ಸ್ಥಳ ಪರಿಶೀಲನೆ ನಡೆಸಿ ಅಂದಾಜು ಪಟ್ಟಿ ತಯಾರಿಸಲು ಇಂಜಿನಿಯರಿಂಗ್ ವಿಭಾಗಕ್ಕೆ ಸೂಚಿಸಬೇಕಾಗಿ ಕೋರುತ್ತೇವೆ."

ಕ್ರಿಯಾ ಯೋಜನೆ ಎಂದರೆ ನಗರಸಭೆ ಆ ವರ್ಷ ಕೈಗೊಳ್ಳಲಿರುವ ಕಾಮಗಾರಿಗಳ ಪಟ್ಟಿ. ಅರ್ಜಿಯಲ್ಲಿ "ಸ್ಥಳ ಪರಿಶೀಲನೆ ನಡೆಸಿ ಅಂದಾಜು ಪಟ್ಟಿ ತಯಾರಿಸಲು" ಎಂಬ ಮಾತು ಅತ್ಯಂತ ಮುಖ್ಯವಾದದ್ದು. "ಸೂಕ್ತ ಕ್ರಮ ಕೈಗೊಳ್ಳಿ" ಎಂದು ಕೇಳಿದರೆ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂಬ ಉತ್ತರ ಬರುತ್ತದೆ. ಮುಂದಿನ ಹೆಜ್ಜೆ ಯಾವುದೆಂದು ನೀವೇ ಹೆಸರಿಟ್ಟು ಕೇಳಿದರೆ, ಆ ಹೆಜ್ಜೆ ಆಯಿತೋ ಇಲ್ಲವೋ ಎಂದು ನಾಳೆ ಪ್ರಶ್ನಿಸಬಹುದು.

ಅರ್ಜಿಯ ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. "ಸಾಹೇಬರ ಕೈಗೇ ಕೊಡಿ, ಬೇಗ ಆಗುತ್ತದೆ" ಎಂದು ಯಾರಾದರೂ ಒಳ್ಳೆಯ ಮನಸ್ಸಿನಿಂದ ಹೇಳಬಹುದು. ಸಾಹೇಬರ ಕೈಗೂ ಕೊಡಿ, ಆದರೆ ಟಪಾಲಿನಲ್ಲಿ ದಾಖಲಾದ ಮೇಲೆ. ನಮ್ಮ ಮೊದಲ ಎರಡು ಅರ್ಜಿಗಳು ಕೈಗೆ ಕೊಟ್ಟವೇ ಆಗಿದ್ದವು. ಅಧಿಕಾರಿ ವರ್ಗವಾಗಿ ಹೋದ ಮೇಲೆ ಅವುಗಳ ಸುಳಿವೇ ಸಿಗಲಿಲ್ಲ. ವಾರ ಕಳೆದ ಮೇಲೆ ಮತ್ತೆ ಹೋಗಿ, ಅದು ಯಾವ ವಿಷಯ ನಿರ್ವಾಹಕರ ಬಳಿ ಇದೆ, ಕಡತದ ಸಂಖ್ಯೆ ಏನು ಎಂದು ಕೇಳಿ ಬರೆದುಕೊಳ್ಳಿ.

ಸಕಾಲದ ಬಗ್ಗೆ ಒಂದು ಮಾತು. 2011ರ ಸಕಾಲ ಕಾಯ್ದೆಯಡಿ ಪಟ್ಟಿಯಾಗಿರುವ ಸೇವೆಗಳಿಗೆ ಮಾತ್ರ ಕಾಲಮಿತಿಯುಂಟು. ಆ ಸೇವೆಗಳಿಗೆ ಅರ್ಜಿ ಹಾಕಿದಾಗ 15 ಅಂಕಿಗಳ ಸಂಖ್ಯೆ ಕೊಡುತ್ತಾರೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಹೊಸ ಮೋರಿ ಕಟ್ಟಿಸುವುದು ಅದರೊಳಗೆ ಬರುವ ವಿಷಯವಲ್ಲ.

ಹಂತ 4: ಹಣದ ಪಂಚಾಂಗ ತಿಳಿಯಿರಿ

ನಮ್ಮ ಮೂರನೇ ಅರ್ಜಿಗೆ ಸ್ವೀಕೃತಿಯೂ ಇತ್ತು, ಕಡತ ಸಂಖ್ಯೆಯೂ ಇತ್ತು. ಜುಲೈ ತಿಂಗಳಲ್ಲಿ ಇಂಜಿನಿಯರಿಂಗ್ ವಿಭಾಗಕ್ಕೆ ಹೋದಾಗ ಅಲ್ಲಿನವರು ಕಡತ ತೆಗೆದು ನೋಡಿ, "ಕೆಲಸ ಆಗಬೇಕಾದದ್ದೇ ಸರ್, ಆದರೆ ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಇಲ್ಲವಲ್ಲ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ನಾವು ಮಳೆ ಬಂದಾಗ ಮಾತ್ರ ಮೋರಿಯ ಬಗ್ಗೆ ಯೋಚಿಸುತ್ತಿದ್ದೆವು, ಹಣ ಹಂಚಿಕೆಯಾಗುವುದು ಮಾತ್ರ ಬೇಸಿಗೆಗೆ ಮುಂಚೆ.

ನಗರಸಭೆಯ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಬಜೆಟ್ ಮಂಡನೆ ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಆಗುತ್ತದೆ. ಅದಕ್ಕೂ ಮೊದಲು ಸಾರ್ವಜನಿಕರ ಸಲಹೆ ಪಡೆಯಲು ಬಜೆಟ್ ಪೂರ್ವಭಾವಿ ಸಭೆಗಳನ್ನು ಕರೆಯಬೇಕು. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಿಗೆ 2006ರಲ್ಲಿ ರೂಪಿಸಿದ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ. ಈ ಸಭೆಗಳ ಪ್ರಕಟಣೆ ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನಷ್ಟಿರುತ್ತದೆ, ಸಭೆಗೆ ಬರುವ ಸಾಮಾನ್ಯ ನಿವಾಸಿಗಳು ಬೆರಳೆಣಿಕೆಯಷ್ಟು. ನನ್ನ ಅಭಿಪ್ರಾಯದಲ್ಲಿ ಸಣ್ಣ ನಗರದ ನಾಗರಿಕನಿಗೆ ವರ್ಷದಲ್ಲಿ ಒಂದೇ ಒಂದು ದಿನ ರಜೆ ಹಾಕುವ ಅವಕಾಶವಿದ್ದರೆ ಅದನ್ನು ಈ ಸಭೆಗೇ ಮೀಸಲಿಡಬೇಕು. ಡಿಸೆಂಬರ್ ತಿಂಗಳಲ್ಲಿಯೇ ಕಚೇರಿಗೆ ಹೋಗಿ ಸಭೆ ಯಾವಾಗ ಎಂದು ವಿಚಾರಿಸಿ. ಮಾತಾಡಲು ಸಿಗುವುದು ಎರಡು ನಿಮಿಷ. ಅಷ್ಟರಲ್ಲಿ ಸ್ಥಳ, ಅಳತೆ, ತೊಂದರೆಗೊಳಗಾದ ಮನೆಗಳ ಸಂಖ್ಯೆ, ಕಡತದ ಸಂಖ್ಯೆ ಇಷ್ಟನ್ನು ಹೇಳಿ, ಲಿಖಿತ ಸಲಹೆಯನ್ನು ಕೊಟ್ಟು, ಅದು ಸಭೆಯ ನಡಾವಳಿಯಲ್ಲಿ ಸೇರಬೇಕೆಂದು ಕೇಳಿಕೊಳ್ಳಿ.

ಹಣ ಎಲ್ಲಿಂದ ಬರುತ್ತದೆಂದು ಗೊತ್ತಿದ್ದರೆ ಬೇಡಿಕೆಯನ್ನು ಸರಿಯಾದ ಲೆಕ್ಕ ಶೀರ್ಷಿಕೆಗೆ ಜೋಡಿಸಬಹುದು. ನಗರಸಭೆಗೆ ಸ್ವಂತ ನಿಧಿಯಿದೆ: ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ, ಪರವಾನಗಿ ಶುಲ್ಕ. ರಾಜ್ಯ ಹಣಕಾಸು ಆಯೋಗದ ಅನುದಾನವಿದೆ. ನಗರೋತ್ಥಾನ ಯೋಜನೆಯ ಹಣವಿದೆ. ಕೇಂದ್ರದಿಂದ 15ನೇ ಹಣಕಾಸು ಆಯೋಗವು 2021-22ರಿಂದ 2025-26ರ ಅವಧಿಗೆ ಸಣ್ಣ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 30 ಕುಡಿಯುವ ನೀರಿಗೆ, ಶೇ 30 ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ ಮೀಸಲಾಗಿತ್ತು, ಉಳಿದ ಶೇ 40 ಮಾತ್ರ ಬೇರೆ ಅಗತ್ಯಗಳಿಗೆ. ಹೀಗೆ ಕಟ್ಟುಪಾಡಿರುವ ಅನುದಾನದಲ್ಲಿ ಉದ್ಯಾನದ ಕಮಾನು ಕೇಳಿದರೆ ಸಿಗುವುದಿಲ್ಲ. 2021ರ ಅಕ್ಟೋಬರ್ 1ರಂದು ಆರಂಭವಾದ ಕೇಂದ್ರದ ಅಮೃತ್ 2.0 ಯೋಜನೆ ಕುಡಿಯುವ ನೀರಿಗೆ ಒತ್ತು ಕೊಡುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕಲ್ಯಾಣಕ್ಕೆ ಶೇ 24.10ರಷ್ಟು ಮೀಸಲಿಡುವ ವ್ಯವಸ್ಥೆಯೂ ಇದೆ. ಆ ಕಾಲೊನಿಗಳ ನಿವಾಸಿಗಳು ಈ ಶೀರ್ಷಿಕೆಯ ಖರ್ಚಿನ ವಿವರವನ್ನು ಪ್ರತ್ಯೇಕವಾಗಿ ಕೇಳಿ ಪಡೆಯುವುದು ಒಳ್ಳೆಯದು.

ಕ್ರಿಯಾ ಯೋಜನೆಗೆ ಸೇರಿದ ಮೇಲೂ ದಾರಿ ಉದ್ದವೇ. ಅಂದಾಜು ಪಟ್ಟಿ, ಸಭೆಯ ಒಪ್ಪಿಗೆ, ಅನುದಾನಕ್ಕೆ ಅನುಗುಣವಾಗಿ ಜಿಲ್ಲಾಧಿಕಾರಿಗಳ ಅನುಮೋದನೆ, ತಾಂತ್ರಿಕ ಮಂಜೂರಾತಿ, 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್, ಕಾರ್ಯಾದೇಶ, ಕೆಲಸ, ಅಳತೆ ಪುಸ್ತಕದಲ್ಲಿ ದಾಖಲೆ, ಬಿಲ್ಲು. ನಿಮ್ಮ ಕಡತ ಇವುಗಳಲ್ಲಿ ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ತಿಂಗಳಿಗೊಮ್ಮೆ ಕೇಳಿ. "ಕೆಲಸ ಯಾವಾಗ ಆಗುತ್ತದೆ?" ಎಂದು ಕೇಳುವುದಕ್ಕಿಂತ "ತಾಂತ್ರಿಕ ಮಂಜೂರಾತಿ ಆಯಿತೇ?" ಎಂದು ಕೇಳಿದರೆ ಉತ್ತರ ಸ್ಪಷ್ಟವಾಗಿ ಬರುತ್ತದೆ.

ಹಂತ 5: ಸದಸ್ಯರು ಮತ್ತು ಸಾಮಾನ್ಯ ಸಭೆ

ವಾರ್ಡಿನ ಸದಸ್ಯರಿಗೆ ಅರ್ಜಿಯ ಪ್ರತಿಯನ್ನು ಕೊಟ್ಟು, ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ವಿಷಯವನ್ನು ಸೇರಿಸಲು ಲಿಖಿತವಾಗಿ ಕೇಳಿಕೊಳ್ಳಿ. ಶಾಸಕರೂ ಸಂಸದರೂ ಸಭೆಯ ಸದಸ್ಯರೇ ಆಗಿರುತ್ತಾರೆ. ನಾಮನಿರ್ದೇಶಿತ ಸದಸ್ಯರು ಮಾತಾಡಬಹುದು, ಮತ ಹಾಕುವಂತಿಲ್ಲ. ಸಭೆಯಲ್ಲಿ ನಿರ್ಣಯವಾದರೆ ಅದರ ಸಂಖ್ಯೆ ಮತ್ತು ದಿನಾಂಕ ಬರೆದುಕೊಳ್ಳಿ, ನಡಾವಳಿಯ ಪ್ರತಿ ಕೇಳಿ. ಸದಸ್ಯರು ಯಾವ ಪಕ್ಷದವರೇ ಆಗಿರಲಿ, ಚುನಾವಣೆಯಲ್ಲಿ ನೀವು ಯಾರಿಗೆ ಮತ ಹಾಕಿದಿರಿ ಎಂಬುದನ್ನು ಮೋರಿಯ ಮಾತಿನ ನಡುವೆ ತರಬೇಡಿ. ಬೀದಿಯಲ್ಲಿ ಎರಡು ಗುಂಪಾದರೆ ಕಡತ ಅಲ್ಲಿಗೇ ನಿಲ್ಲುತ್ತದೆ.

ಚುನಾಯಿತ ಮಂಡಳಿ ಇಲ್ಲದ ಕಾಲವೂ ಬರುತ್ತದೆ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆದರೂ, ಅಧ್ಯಕ್ಷ ಮತ್ತು ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೈಕೋರ್ಟಿನ ಮೆಟ್ಟಿಲೇರಿದ್ದರಿಂದ, ಗೆದ್ದ ಸದಸ್ಯರು 2020ರ ಕೊನೆಯ ಭಾಗದವರೆಗೂ ಅಧಿಕಾರ ವಹಿಸಿಕೊಳ್ಳಲಾಗದೆ ಕಾಯಬೇಕಾಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೊದಲ 30 ತಿಂಗಳ ಅವಧಿ ಮುಗಿದ ಮೇಲೆ ಎರಡನೇ ಅವಧಿಗೂ 2024ರ ಆಗಸ್ಟ್‌ವರೆಗೆ ಕಾಯುವಂತಾಯಿತು. ಅಂಥ ದಿನಗಳಲ್ಲಿ ಸಭೆಯ ಅಧಿಕಾರವನ್ನು ಆಡಳಿತಾಧಿಕಾರಿ ಚಲಾಯಿಸುತ್ತಾರೆ. ನಗರಸಭೆಗಳಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿಯೇ ಆ ಸ್ಥಾನದಲ್ಲಿ ಇರುತ್ತಾರೆ. ಆಗ ಅರ್ಜಿಯನ್ನು "ಆಡಳಿತಾಧಿಕಾರಿಗಳು, ನಗರಸಭೆ" ಎಂಬ ವಿಳಾಸಕ್ಕೆ ಕೊಟ್ಟು, ಪೌರಾಯುಕ್ತರಿಗೆ ಪ್ರತಿ ಸಲ್ಲಿಸಿ. ಸದಸ್ಯರಿಲ್ಲವೆಂದು ಸುಮ್ಮನಿರಬೇಕಾಗಿಲ್ಲ.

ಹಂತ 6: ಕೆಲಸ ನಡೆಯುವಾಗ ಹತ್ತಿರ ನಿಂತು ನೋಡಿ

ಕಾರ್ಯಾದೇಶವಾದ ಕೂಡಲೇ ಅಂದಾಜು ಪಟ್ಟಿಯ ಪ್ರತಿ ಪಡೆಯಿರಿ. ಕಾಂಕ್ರೀಟಿನ ದಪ್ಪ, ಕಬ್ಬಿಣದ ಅಳತೆ, ಪೈಪಿನ ವ್ಯಾಸ, ಕಾಮಗಾರಿಯ ಉದ್ದ ಎಲ್ಲವೂ ಅದರಲ್ಲಿರುತ್ತವೆ. ನಮ್ಮ ಮೋರಿಯ ಬುನಾದಿ ತೋಡಿದ ದಿನ ಮೇಷ್ಟ್ರು ಅದೇ ಟೇಪು ಹಿಡಿದು ಬಂದು ನಿಂತರು. ಗುತ್ತಿಗೆದಾರರ ಮೇಸ್ತ್ರಿ ಮೊದಲು ಮುಖ ಗಂಟಿಕ್ಕಿದರು. ಮೇಷ್ಟ್ರು ಜಗಳಕ್ಕೆ ಹೋಗದೆ, "ಅಪ್ಪಾ, ಹೋದ ಮಳೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು ತೋರಿಸುತ್ತೇನೆ ಬಾ" ಎಂದು ಕರೆದುಕೊಂಡು ಹೋಗಿ ಮನೆಯೊಂದರ ಗೋಡೆಯ ಮೇಲಿನ ಕಂದು ಗೆರೆಯನ್ನು ತೋರಿಸಿದರು. ಮೇಸ್ತ್ರಿ ಆ ಗೆರೆಯ ಮಟ್ಟಕ್ಕೆ ದಾರ ಕಟ್ಟಿ ನೋಡಿದಾಗ, ಮೋರಿಯ ಕೆಳಗಿನ ತುದಿ ಇಳಿಜಾರಿಗೆ ಸಾಲದಷ್ಟು ಎತ್ತರದಲ್ಲಿರುವುದು ಅವರಿಗೇ ಕಂಡಿತು. ಕಿರಿಯ ಇಂಜಿನಿಯರನ್ನು ಕರೆಸಿ, ಅವರ ಒಪ್ಪಿಗೆ ಪಡೆದು, ಇನ್ನೂ ಅರ್ಧ ಅಡಿ ಇಳಿಸಿದರು. ಕಾಂಕ್ರೀಟ್ ಹಾಕಿದ ಮೇಲೆ ಸ್ಲ್ಯಾಬಿನ ಮೇಲೆ ಗೋಣಿಚೀಲ ಹಾಸಿ, ಬೀದಿಯ ಹೆಂಗಸರು ಸರದಿಯಂತೆ ಬೆಳಗ್ಗೆ ಸಂಜೆ ನೀರು ಹಾಕಿದರು. ಕ್ಯೂರಿಂಗ್ ಮಾಡಿಸುವುದು ಗುತ್ತಿಗೆದಾರರ ಹೊಣೆಯೇ ಹೌದು. ಆದರೆ ಮೋರಿ ನಮ್ಮದು.

ತಪ್ಪು ಕಂಡರೆ ಸ್ಥಳದಲ್ಲಿ ಕೂಗಾಡುವ ಬದಲು ಅದೇ ದಿನ ಚಿತ್ರ ಸಮೇತ ಪೌರಾಯುಕ್ತರಿಗೆ ಬರೆದು ಸ್ವೀಕೃತಿ ಪಡೆಯಿರಿ. ಬಿಲ್ಲು ಪಾವತಿಯಾಗುವ ಮುಂಚೆ ಕೊಟ್ಟ ಪತ್ರಕ್ಕೆ ಇರುವ ತೂಕ ಆಮೇಲೆ ಕೊಟ್ಟದ್ದಕ್ಕೆ ಇರುವುದಿಲ್ಲ.

ಹಂತ 7: ಉತ್ತರವೇ ಬಾರದಿದ್ದರೆ

ಮೊದಲು ಜ್ಞಾಪನಾ ಪತ್ರ, ಹಳೆಯ ಸ್ವೀಕೃತಿಯನ್ನು ಉಲ್ಲೇಖಿಸಿ. ಆಮೇಲೆ ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ ಬರೆಯಿರಿ. ಜಿಲ್ಲೆಯ ನಗರ ಸ್ಥಳೀಯ ಸಂಸ್ಥೆಗಳ ಮೇಲ್ವಿಚಾರಣೆ ನಡೆಯುವುದು ಅಲ್ಲಿಂದ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ದೂರು ಕೊಡಬಹುದು.

ಮಾಹಿತಿ ಹಕ್ಕಿನ ಅರ್ಜಿ ಇನ್ನೊಂದು ಸಾಧನ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು ಮತ್ತು 150 ಪದಗಳನ್ನು ಮೀರಬಾರದು. "ಏಕೆ ಮಾಡಿಲ್ಲ?" ಎಂದು ಕೇಳಬೇಡಿ, ದಾಖಲೆಯನ್ನು ಕೇಳಿ. "ಇಂಥ ಸ್ವೀಕೃತಿ ಸಂಖ್ಯೆಯ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ" ಎಂದರೆ ಸಾಕು, ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತೆಂಬುದು ಹೊರಬರುತ್ತದೆ. ಕಡತವನ್ನು ಖುದ್ದಾಗಿ ಪರಿಶೀಲಿಸಲೂ ಕೇಳಬಹುದು, ಮೊದಲ ಒಂದು ಗಂಟೆಗೆ ಶುಲ್ಕವಿಲ್ಲ. ಉತ್ತರ ಬಾರದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅದರ ನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ಲಂಚ ಅಥವಾ ಕಳಪೆ ಕಾಮಗಾರಿಯ ಸಂಗತಿಯಾದರೆ ಲೋಕಾಯುಕ್ತವಿದೆ. ನೀರು ಸರಬರಾಜು, ಬೆಳಕು, ಸಾರ್ವಜನಿಕ ನೈರ್ಮಲ್ಯದ ಸೇವೆಗಳ ಕುರಿತು ಖಾಯಂ ಜನತಾ ನ್ಯಾಯಾಲಯಕ್ಕೆ ಅರ್ಜಿ ಹಾಕುವ ದಾರಿಯೊಂದಿದೆ. ನ್ಯಾಯಾಲಯ ಶುಲ್ಕ ಕಟ್ಟಬೇಕಾಗಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯಲ್ಲಿ ಇವು ಇವೆ. ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿದರೆ ಅರ್ಜಿಯ ರೂಪವನ್ನು ತಿಳಿಸುತ್ತಾರೆ.

"ಹಣವಿಲ್ಲ" ಎಂಬ ಉತ್ತರ ಬಂದಾಗ ನೆನಪಿಡಬೇಕಾದ ಪ್ರಕರಣವೊಂದಿದೆ. ಮಧ್ಯಪ್ರದೇಶದ ರತ್ಲಾಮ್ ಎಂಬ ಸಣ್ಣ ನಗರದ 12ನೇ ವಾರ್ಡಿನ ನಿವಾಸಿಗಳು ತೆರೆದ ಚರಂಡಿ ಮತ್ತು ದುರ್ನಾತ ತಾಳಲಾರದೆ, ಸಾರ್ವಜನಿಕ ಉಪದ್ರವವನ್ನು ನಿವಾರಿಸಲು ಆದೇಶಿಸುವ ಅಧಿಕಾರವಿದ್ದ ಮ್ಯಾಜಿಸ್ಟ್ರೇಟರ ಬಳಿಗೆ ಹೋದರು. ಪುರಸಭೆ ಹಣದ ಕೊರತೆಯ ಕಾರಣ ಕೊಟ್ಟು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ, ಶಾಸನಬದ್ಧ ಕರ್ತವ್ಯದಿಂದ ನುಣುಚಿಕೊಳ್ಳಲು ಹಣದ ಕೊರತೆ ನೆಪವಾಗದು ಎಂದು ತೀರ್ಪು ಕೊಟ್ಟಿತು. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿದ್ದ ಆ ಅಧಿಕಾರ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿ ಮುಂದುವರಿದಿದೆ. ಈ ದಾರಿ ಹಿಡಿಯುವ ಮುನ್ನ ವಕೀಲರೊಬ್ಬರನ್ನು ಕೇಳಿ. ಅಲ್ಲಿಗೆ ಹೋಗದೆಯೇ, ಜ್ಞಾಪನಾ ಪತ್ರದಲ್ಲಿ ರತ್ಲಾಮ್ ಪ್ರಕರಣವನ್ನು ಉಲ್ಲೇಖಿಸಿದರೂ ಉತ್ತರ ಬರೆಯುವವರು ಎಚ್ಚರ ವಹಿಸುತ್ತಾರೆ.

ಕೆಲಸ ಮುಗಿದ ಮೇಲೆ

ಅರ್ಜಿಯ ಪ್ರತಿ, ಸ್ವೀಕೃತಿ, ನಿರ್ಣಯ, ಅಂದಾಜು ಪಟ್ಟಿ, ಕಾರ್ಯಾದೇಶದ ಪ್ರತಿ, ಚಿತ್ರಗಳು ಎಲ್ಲವನ್ನೂ ಒಂದು ರಟ್ಟಿನ ಕಡತದಲ್ಲಿ ಕಟ್ಟಿ, ಬೀದಿಯಲ್ಲಿ ಯಾರಾದರೊಬ್ಬರ ಮನೆಯಲ್ಲಿ ಜೋಪಾನವಾಗಿಡಿ. ಟೆಂಡರಿನ ಷರತ್ತುಗಳಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎಷ್ಟೆಂದು ನೋಡಿ, ಅದು ಮುಗಿಯುವ ದಿನಾಂಕವನ್ನು ಕಡತದ ಮೇಲೆಯೇ ದಪ್ಪಕ್ಷರದಲ್ಲಿ ಬರೆಯಿರಿ. ಆ ದಿನಾಂಕದೊಳಗೆ ಸ್ಲ್ಯಾಬ್ ಬಿರುಕು ಬಿಟ್ಟರೆ ಅಥವಾ ರಸ್ತೆ ಕುಸಿದರೆ, ಕಾರ್ಯಾದೇಶದ ಸಂಖ್ಯೆಯನ್ನು ಉಲ್ಲೇಖಿಸಿ, ಗುತ್ತಿಗೆದಾರರಿಂದಲೇ ದುರಸ್ತಿ ಮಾಡಿಸುವಂತೆ ಪೌರಾಯುಕ್ತರಿಗೆ ಬರೆಯಿರಿ. ನಮ್ಮ ಕಡತ ಮೇಷ್ಟ್ರ ಮನೆಯ ಕಪಾಟಿನಲ್ಲಿದೆ, ಟೇಪಿನ ಪಕ್ಕದಲ್ಲಿ.